ಮತ್ತಿ ಮೀನಿಗೆ ಬ್ರೈಟ್ ಗ್ರೇಡು

ದೇವರಾಜು: ನೋಡಿವ್ನಿ ಅಂದ್ನಲ್ಲ ಸಮುದ್ರವ. ಧರ್ಮಸ್ಥಳಕ್ಕೆ ಹೋಗಿದ್ದಾಗ ಮಂಗಳೂರಲ್ಲಿ ಬಸ್ಸಿನ ಕಿಟಕೀಲಿ ನೋಡ್ದೆ. ಬರೀ ನೀರು.

ವಾಣಿಶ್ರೀ: ಅದು ನೋಡೋದಲ್ಲಪ್ಪ, ದಾಟ್ಕೊಂಡು ಹೋಗೋದು. ಬೀಚಲ್ಲಿ ಏನೇನ್ ಮಾಡ್ಬೋದು ಗೊತ್ತಾ? ಯಾರೂ ಮಾಡ್ದೇ ಇರೋ ಐಟಂ ಹನ್ನೊಂದು ಹುಡುಕಿ ಲಿಸ್ಟ್ ಮಾಡಿದೀನಿ.

ದೇವರಾಜು: ಯಾರೂ ಮಾಡ್ದೇ ಇರೋದ್ನ ನಾವ್ಯಾಕ್ ಮಾಡ್ಬೇಕು? ಏನೋ ಕಾರಣ ಇದ್ದೇ ಅವ್ರು ಬುಟ್ಟವ್ರೆ.

ಕುಳ್ಳಮ್ಮ: ಅದೇನು ಓದಮ್ಮಿ, ಕೇಳವ.

ವಾಣಿಶ್ರೀ: ಒಂದನೇದು, ಕುತ್ತಿಗೆವರೆಗೂ ಮರಳಲ್ಲಿ ಹೂತ್ಕೊಳ್ಳೋದು.

ಕುಳ್ಳಮ್ಮ: ಜೀವ ಇರೋವಾಗ್ಲೇನಾ?

ಕಂಪಲಾಪುರದ ಆ ಮನೆಯ ಜಗಲಿಯಲ್ಲಿ ಅಪ್ಪ, ಮಗಳು, ಅಜ್ಜಿಯ ಈ ಮಾತು ಶುರುವಾಗಿ ಆಗಲೇ ಎರಡೆರಡು ಲೋಟ ಟೀ ಮುಗಿದಿತ್ತು. ಮೈಸೂರಿನಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದ ವಾಣಿಶ್ರೀಗೆ ಬೇಕಾಗಿದ್ದು ಅಪ್ಪನ ಬಾಯಿಂದ ಒಂದೇ ಒಂದು ಹೂಂ. ಇನ್ನು ಹತ್ತು ದಿನಕ್ಕೆ ಅವಳ ಆರು ಜನ ಗೆಳತಿಯರು ಗೋಕರ್ಣಕ್ಕೆ ಹೊರಟಿದ್ದರು, ಏಳನೆಯವಳು ತಾನಾಗದಿದ್ದರೆ ಆ ಕಾಲೇಜಿನಲ್ಲಿ ಇನ್ನೊಂದು ವರ್ಷ ಮುಖ ಎತ್ತಿಕೊಂಡು ಓಡಾಡುವುದು ಹೇಗೆ ಅನ್ನುವುದೇ ಅವಳ ಚಿಂತೆ. ಅಪ್ಪನಿಗೋ ಸಮುದ್ರವೆಂದರೆ ಹೆತ್ತವರ ಮಾತು ಕೇಳದ ಮಕ್ಕಳನ್ನು ಎಳೆದುಕೊಂಡು ಹೋಗುವ ಜಾಗ. ಮೇಲಾಗಿ ತಂಬಾಕು ಮಾರ್ಕೆಟ್ಟು ಮುಗಿದು ಎಲೆ ಕಟ್ಟಿದ ಕೊನೆಯ ಮೂಟೆ, ಅಂದರೆ ಬೇಲೂ ಹರಾಜಾದ ಮೇಲೆ ಅವನಿಗೆ ಹೊತ್ತೇ ಹೋಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು, ತಂಬಾಕು ಬೇಯಿಸುವ ಖಾಲಿ ಬ್ಯಾರನ್ನಿನ ಬಾಗಿಲು ತೆಗೆದು, ಒಳಗೆ ಇಣುಕಿ, ಮತ್ತೆ ಮುಚ್ಚಿ ಬರುತ್ತಿದ್ದ. ಅಂಥ ಮನುಷ್ಯನ ಹತ್ತಿರ ಯಾರು ಏನು ಕೇಳಿದರೂ ಬರುವ ಉತ್ತರ ಬೇಡ ಎಂದೇ.

ವಾಣಿಶ್ರೀ: ಸರಿ, ಒಂದ್ ಡೀಲ್ ಮಾಡ್ಕೊಳ್ಳೋಣ. ನಮ್ ಹೊಲ ಗುತ್ತಿಗೆಗೆ ತಗೊಂಡು ಶುಂಠಿ ಹಾಕಿದ್ರಲ್ಲ ಜೋಸೆಫಣ್ಣ, ಕಣ್ಣೂರಿಗೆ ಬನ್ನಿ ಬನ್ನಿ ಅಂತ ಮೂರ್ ವರ್ಷದಿಂದ ಕರೀತಾನೇ ಇದಾರೆ. ಈ ಶನಿವಾರ ಹೋಗೋಣ. ಬೀಚ್ ನೋಡು. ನಿಂಗೆ ಹಿಡಿಸಿದ್ರೆ ನನ್ನ ಗೋಕರ್ಣಕ್ಕೆ ಕಳ್ಸು. ಹಿಡಿಸ್ಲಿಲ್ವಾ, ಗೋಕರ್ಣದ ಹೆಸ್ರೇ ಎತ್ತಲ್ಲ.

ದೇವರಾಜು: ಹಿಡಿಸಲ್ಲ ಬುಡು.

ಕುಳ್ಳಮ್ಮ: ನೋಡ್ದೇನೆ ಎಂಗ್ಲಾ ಹೇಳೀಯೆ? ನಿನ್ ಮದ್ವೇಲೂ ಇಂಗೇ ಅಂದಿದ್ದೆ.

ದೇವರಾಜು ಹೊರಡಲು ಒಪ್ಪಿದ. ಶನಿವಾರ ವಿರಾಜಪೇಟೆ ದಾಟಿ, ಮಾಕುಟ್ಟದ ಘಾಟಿಯಲ್ಲಿ ಕುಳ್ಳಮ್ಮನಿಗೆ ಎರಡು ಸಲ ನಿಂಬೆಹಣ್ಣು ಮೂಸಿಸಿ, ಜೋಸೆಫಣ್ಣನ ಮನೆಯಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಏಳೂವರೆಗೆಲ್ಲ ಮೂವರೂ ಮರಳಿನ ಮೇಲೆ ನಿಂತಿದ್ದರು. ವಾಣಿಶ್ರೀಯ ಕೈಯಲ್ಲಿ ಫೋನು, ಫೋನಿನಲ್ಲಿ ಲಿಸ್ಟು.

ವಾಣಿಶ್ರೀ: ಹೆಂಗಿದೆಯಪ್ಪ?

ದೇವರಾಜು: ಬಸ್ಸಲ್ಲಿ ಕಂಡಂಗೇ ಅದೆ.

ಮೊದಲ ಐಟಮ್ಮನ್ನು ಕುಳ್ಳಮ್ಮನ ಮೇಲೆ ಪ್ರಯೋಗಿಸಲಾಯಿತು. ಕುತ್ತಿಗೆವರೆಗೆ ಒಲ್ಲೆ, ಮಂಡಿವರೆಗಾದರೆ ಸರಿ ಎಂದು ಅಜ್ಜಿ ಕಾಲು ಚಾಚಿ ಕೂತಳು. ವಾಣಿಶ್ರೀ ಬಿಸಿಲು ಬಿದ್ದ ಕಡೆಯ ಮರಳನ್ನು ಬೊಗಸೆ ಬೊಗಸೆ ಎತ್ತಿ ಸುರಿದಳು.

ವಾಣಿಶ್ರೀ: ಸಾಕಾ ಅಜ್ಜಿ? ತೆಗೀಲಾ?

ಕುಳ್ಳಮ್ಮ: ಮುಟ್ಬ್ಯಾಡ. ಹುಣಸೂರಿನ ಡಾಕ್ಟ್ರ ಮುಲಾಮಿಗಿಂತ ಚೆಂದಾಗದೆ. ನನ್ನ ಇಲ್ಲೇ ಬುಟ್ಟು ನೀವೆಲ್ಲಾದ್ರೂ ಹೋಗಿ.

ಎರಡನೆಯದು ಹಿಂದು ಹಿಂದಕ್ಕೆ ನಡೆಯುತ್ತ ತನ್ನ ಹೆಜ್ಜೆಯನ್ನು ತಾನೇ ನೋಡುವುದು. ದೇವರಾಜು ಹತ್ತು ಹೆಜ್ಜೆ ನಡೆದು, ಐಸ್‌ಕ್ರೀಮ್ ಗಾಡಿಗೆ ಬೆನ್ನು ಕೊಟ್ಟು, ಗಾಡಿಯವನ ಹತ್ತಿರ ಕ್ಷಮೆ ಕೇಳಿ ಬಂದ. ಮೂರನೆಯದರ ಮೇಲೆ ಅವಳು ಎಲ್ಲ ಆಸೆಯನ್ನೂ ಇಟ್ಟಿದ್ದಳು.

ವಾಣಿಶ್ರೀ: ನಿಂಗೆ ತುಂಬಾ ಭಯ ಆಗೋ ವಿಷ್ಯ ಒಂದನ್ನ ಮರಳಲ್ಲಿ ಬರಿ. ಅಲೆ ಬಂದು ಅಳಿಸಿದ ತಕ್ಷಣ ಭಯ ಹೋಗತ್ತೆ. ಸೈಕಾಲಜಿ ಅದು.

ದೇವರಾಜು ಕಡ್ಡಿ ಹುಡುಕಿ, ಬಗ್ಗಿ, ಚೆಕ್ಕಿಗೆ ಸಹಿ ಹಾಕುವವನಂತೆ ನಿಧಾನವಾಗಿ ಬರೆದ. ವಾಣಿಶ್ರೀ ಇಣುಕಿದಳು. ಅಲ್ಲಿ ಇದ್ದದ್ದು ಎರಡು ಪದ: ವಾಣಿ ಗೋಕರ್ಣ.

ವಾಣಿಶ್ರೀ: ಅಪ್ಪಾ.

ದೇವರಾಜು: ಭಯ ಆಗೋದು ಬರಿ ಅಂದೆ, ಬರ್ದೆ. ಎಲ್ಲಿ, ಅಳಿಸ್ಲಿ ನಿನ್ನಲೆ.

ಅಲೆ ಬಂತು, ಎರಡು ಮಾರು ದೂರದಲ್ಲೇ ನಿಂತು ವಾಪಸಾಯಿತು. ಇನ್ನೊಂದು ಬಂತು, ಅದು ಇನ್ನೂ ಹಿಂದೆ ನಿಂತಿತು.

ವಾಣಿಶ್ರೀ: ನೀನು ಒಣ ಮರಳಲ್ಲಿ ಬರ್ದಿದೀಯ. ನೀರು ಬರೋ ಕಡೆ ಬರೀಬೇಕು.

ದೇವರಾಜು: ಸಮುದ್ರಕ್ಕೇ ಇಷ್ಟ ಇಲ್ಲ ಕಣವ್ವ ನೀನು ಹೋಗಾದು. ನಾನೇನ್ ಮಾಡ್ಲಿ?

ಅಷ್ಟು ಹೊತ್ತಿಗೆ ಆಚೆ ತೆಂಗಿನ ಸಾಲಿನ ಹತ್ತಿರ ದೋಣಿಯೊಂದು ದಡ ಸೇರಿ ಜನ ಗುಂಪುಗೂಡಿದರು. ಯಾರೋ ಒಬ್ಬ ಒಂದೇ ಉಸಿರಿನಲ್ಲಿ ಏನನ್ನೋ ಕೂಗತೊಡಗಿದ. ದೇವರಾಜುವಿನ ಕತ್ತು ತಾನಾಗಿ ಆ ಕಡೆ ತಿರುಗಿತು. ಎರಡು ತಿಂಗಳಿಂದ ಬಾಡಿದ್ದ ಮುಖ ಒಮ್ಮೆಲೇ ಬೆಳಗಿದ್ದನ್ನು ವಾಣಿಶ್ರೀ ಕಣ್ಣಾರೆ ಕಂಡಳು.

ದೇವರಾಜು: ಹರಾಜು ಕಣವ್ವ ಅದು.

ವಾಣಿಶ್ರೀ: ಅಪ್ಪ, ನಾಲ್ಕನೇ ಐಟಂ...

ಅಪ್ಪ ಅಲ್ಲಿರಲಿಲ್ಲ. ಅವಳು ಓಡಿಹೋಗಿ ಗುಂಪಿನೊಳಗೆ ನುಗ್ಗುವಷ್ಟರಲ್ಲಿ ಅವನು ಕುಕ್ಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಮತ್ತಿ ಮೀನನ್ನು ಎತ್ತಿ ಬೆಳಕಿಗೆ ಹಿಡಿದು, ಬೆರಳಿಂದ ಸವರಿ, ಮೂಸಿಯೂ ಆಗಿತ್ತು.

ದೇವರಾಜು: ಬಣ್ಣ ನೋಡು, ಮೈ ನೋಡು. ನಮ್ ತಂಬಾಕ್ ಮಾರ್ಕೆಟ್ಟಲ್ಲಾಗಿದ್ರೆ ಬ್ರೈಟ್ ಗ್ರೇಡು, ಎಲ್ಲಾದ್ಕಿಂತ ಮೇಲಿಂದು. ಇದ್ಕೆ ಆಯಿರಂ ಕೂಗ್ತಾವ್ರಲ್ಲ, ಒಂದು ಸಾವ್ರ. ಹೊಟ್ಟೆ ಉರೀತದೆ.

ವಾಣಿಶ್ರೀ: ನಿಂಗೆ ಮಲಯಾಳಂ ಬರತ್ತಾ?

ದೇವರಾಜು: ರೇಟು ಬತ್ತದೆ. ಶುಂಠಿಯೋರು ಕಲಿಸಿದ್ದು. ಆ ಮೂರ್ ಜನ ಕೊಳ್ಳೋರ್ನ ನೋಡು, ಒಬ್ರ ಮುಖ ಒಬ್ರು ನೋಡ್ಕಂಡು ಸುಮ್ಕಾಗವ್ರೆ. ಒಳಗೊಳಗೇ ಮಾತಾಡ್ಕಂಡವ್ರೆ. ಈ ಆಟವ ನಾನು ಇಪ್ಪತ್ತೈದ್ ವರ್ಷದಿಂದ ನೋಡ್ತಾ ಇವ್ನಿ.

ಕುಕ್ಕೆಯ ಪಕ್ಕ ನಿಂತಿದ್ದ ದೋಣಿಯ ಮುದುಕ ತಲೆ ತಗ್ಗಿಸಿ ಕಾಲಿನಿಂದ ಮರಳು ಕೆದಕುತ್ತಿದ್ದ. ಆ ನಿಲುವನ್ನು ದೇವರಾಜು ಬಲ್ಲ. ಹರಾಜಿನಲ್ಲಿ ತನ್ನ ತಂಬಾಕಿನ ಬೇಲಿನ ಪಕ್ಕ ಅವನು ನಿಲ್ಲುವುದೂ ಹಾಗೆಯೇ.

ದೇವರಾಜು: ಆಯಿರತ್ತಿ ಇರುನ್ನೂರು.

ಸಾವಿರದ ಇನ್ನೂರು ಎಂದು ಕೂಗಿದ್ದು ಯಾರೆಂದು ಗುಂಪು ತಿರುಗಿ ನೋಡಿತು. ಕೊಳ್ಳುವವರಲ್ಲೊಬ್ಬ ರೇಗಿ ಮೇಲೆ ಕೂಗಿದ. ದೇವರಾಜು ಅದರ ಮೇಲೆ ಕೂಗಿದ. ಅವನು ಇನ್ನೂ ಮೇಲೆ ಕೂಗಿ ಕುಕ್ಕೆ ಎತ್ತಿಕೊಂಡು ಹೋದ. ಮುದುಕನ ಮುಖ ಅರಳಿತು. ದೇವರಾಜುವಿನ ಮುಖವಂತೂ ಹೇಳುವುದೇ ಬೇಡ.

ದೇವರಾಜು: ಕಂಡ್ಯಾ? ಒಂದೂವರೆಪಟ್ಟು ಎತ್ತುಸ್ದೆ.

ವಾಣಿಶ್ರೀ: ಅಪ್ಪ ಸಾಕು, ಬಾ. ಇಲ್ಲಿ ಕೂಗಿದ್ರೆ ಅರ್ಥ ಏನು ಗೊತ್ತಾ?

ಎರಡನೇ ಕುಕ್ಕೆ ಬಂತು. ದೇವರಾಜು ಮತ್ತೆ ಕೂಗಿದ. ಈ ಸಲ ಕೊಳ್ಳುವ ಮೂವರೂ ಒಟ್ಟಿಗೆ ಬೀಡಿ ಹಚ್ಚಿಕೊಂಡು ಸಮುದ್ರದ ಕಡೆ ನೋಡತೊಡಗಿದರು.

ಹರಾಜಿನವ: ಮೀನ್ ನಿಂಗಳ್ದಾ, ಚೇಟ್ಟಾ.

ದೇವರಾಜು: ಏನಂತೆ?

ವಾಣಿಶ್ರೀ: ಮೀನು ನಿಂದೇ ಅಂತೆ.

ದೇವರಾಜು: ಈ ರೇಟಿಗೆ ನಾನು ಒಪ್ಪಲ್ಲ. ಕ್ಯಾನ್ಸಲ್ ಮಾಡ್ಸು.

ವಾಣಿಶ್ರೀ: ತಂಬಾಕ್ ಹರಾಜಲ್ಲಾದ್ರೆ ಬೆಳ್ದೋನು ಕ್ಯಾನ್ಸಲ್ ಮಾಡ್ಬೋದಪ್ಪ, ಇಲ್ಲಿ ನೀನು ಕೊಂಡೋನು.

ದೇವರಾಜು: ನಾನು ಹುಟ್ಟಿದ್ ಮೇಲೆ ಕೊಳ್ಳೋ ಕಡೆ ನಿಂತೇ ಇಲ್ವಲ್ಲವ್ವ.

ಐದು ನಿಮಿಷದ ಮೇಲೆ ಜೇಬು ಹಗುರಾಗಿ, ಮೂವತ್ತು ಕಿಲೋ ಮತ್ತಿ ಮೀನಿನೊಂದಿಗೆ ಅಪ್ಪ ಮಗಳು ಕುಳ್ಳಮ್ಮನ ಮುಂದೆ ನಿಂತಿದ್ದರು.

ಕುಳ್ಳಮ್ಮ: ಇದು ಲಿಸ್ಟಲ್ಲಿ ಎಷ್ಟನೇದಮ್ಮಿ?

ದೇವರಾಜು: ಊರಿಗೆ ತಗಂಡೋಗಿ ಮಡಗವ. ಒಳ್ಳೆ ರೇಟ್ ಬಂದಾಗ ಕೊಟ್ರಾಯ್ತು.

ಕುಳ್ಳಮ್ಮ: ಅದೇನು ತಂಬಾಕ್ಲಾ, ಗಂಟು ಕಟ್ಟಿ ಮಡಗಕ್ಕೆ? ಹನ್ನೊಂದ್ ಗಂಟೆಗೆಲ್ಲ ನಿನ್ ಬ್ರೈಟ್ ಗ್ರೇಡು ನಾತ ಹೊಡೀತದೆ.

ದೇವರಾಜು ಕುಕ್ಕೆಯ ಪಕ್ಕ ಕೂತುಬಿಟ್ಟ.

ದೇವರಾಜು: ಅದ್ಕೇ ಹೇಳಿದ್ದು. ಸಮುದ್ರನೂ ಬ್ಯಾಡ, ಗೋಕರ್ಣನೂ ಬ್ಯಾಡ. ನಡೀರಿ ಮನೆಗೆ.

ಮುಗಿಯಿತು, ವಾಣಿಶ್ರೀಗೆ ಅನ್ನಿಸಿತು, ಈ ಮೀನಿನ ಜೊತೆ ಗೋಕರ್ಣವೂ ಕೊಳೆತುಹೋಗುತ್ತದೆ. ಸುತ್ತ ನೋಡಿದಳು. ಟೋಪಿ ಹಾಕಿಕೊಂಡ ಬೆಂಗಳೂರಿನವರು ಮೂರು ವ್ಯಾನು ತುಂಬ ಬಂದಿಳಿದಿದ್ದರು, ತೆಂಗಿನ ಸಾಲಿನ ಮೇಲೆ ಬಂದ ಸೂರ್ಯನನ್ನು ಅಂಗೈ ಮೇಲೆ ಕೂರಿಸಿ ಫೋಟೋ ತೆಗೆಸಿಕೊಂಡಾಗಿತ್ತು, ಇನ್ನೇನು ಮಾಡುವುದೆಂದು ತಿಳಿಯದೆ ಆಕಳಿಸುತ್ತಿದ್ದರು. ಅವಳು ಅಲ್ಲೇ ಇದ್ದ ಒಂದು ಬೆಂಚಿನ ಮೇಲೆ ಹತ್ತಿದಳು.

ವಾಣಿಶ್ರೀ: ಸರ್, ಮೇಡಂ, ಬನ್ನಿ. ಬೀಚಲ್ಲಿ ಯಾರೂ ಮಾಡ್ದೇ ಇರೋ ಎಕ್ಸ್‌ಪೀರಿಯೆನ್ಸ್. ನೀವೇ ಹರಾಜು ಕೂಗಿ, ನೀವೇ ಗೆಲ್ಲಿ. ಈಗ ತಾನೇ ದೋಣಿಯಿಂದ ಇಳಿದ ಮೀನು.

ಮೂವತ್ತು ಕಿಲೋ ಯಾರಿಗೆ ಬೇಕು ಎಂದು ಟೋಪಿಗಳು ಹಿಂಜರಿದವು. ಆಗ ಕುಳ್ಳಮ್ಮ ಮರಳು ಕೊಡವಿ ಎದ್ದಳು. ಊರಲ್ಲಿ ಮರಿ ಕಡಿದಾಗ ಮನೆ ಮನೆಗೆ ಸಮನಾಗಿ ಮಾಂಸದ ಗುಡ್ಡೆ ಹಾಕುವವಳು ಅವಳೇ. ತೆಂಗಿನ ಗರಿ ಹಾಸಿ ಕಣ್ಣಳತೆಯಲ್ಲೇ ಇಪ್ಪತ್ತು ಗುಡ್ಡೆ ಹಾಕಿದಳು, ಒಂದರಲ್ಲೂ ಒಂದು ಮೀನು ಹೆಚ್ಚಿಲ್ಲ, ಕಮ್ಮಿಯಿಲ್ಲ.

ಕುಳ್ಳಮ್ಮ: ಎದ್ದು ಕೂಗ್ಲಾ ದೇವ. ಈಗ ನೀನು ಮಾರೋನು.

ಅಷ್ಟು ಸಾಕಾಯಿತು. ದೇವರಾಜು ಎದ್ದು ಪಂಚೆ ಎತ್ತಿ ಕಟ್ಟಿದ. ಬಣ್ಣ ನೋಡಿ ಎಂದ, ಮೈ ನೋಡಿ ಎಂದ, ಕಡಿಮೆ ಕೂಗಿದವರಿಗೆ ಕ್ಯಾನ್ಸಲ್ ಎಂದ, ಕ್ಯಾನ್ಸಲ್ ಎನ್ನುವಾಗಲೆಲ್ಲ ಅವನ ಎದೆ ಒಂದಂಗುಲ ಉಬ್ಬಿತು. ಟೋಪಿಗಳಿಗೆ ಹುಚ್ಚು ಹಿಡಿಯಿತು. ಹತ್ತನೇ ಗುಡ್ಡೆಗೆ ಗಂಡ ಹೆಂಡತಿಯೇ ಎದುರುಬದುರಾದರು.

ಹೆಂಡತಿ: ರೀ, ನಾನು ಇನ್ನೂರು ಅಂದ್ಮೇಲೆ ನೀವ್ಯಾಕ್ರೀ ಇನ್ನೂರೈವತ್ತು ಅಂತೀರಾ?

ಗಂಡ: ಮನೇಲಂತೂ ಗೆಲ್ಲಲ್ಲ, ಇಲ್ಲಾದ್ರೂ ಬಿಡೆ.

ವಾಣಿಶ್ರೀ ಅದನ್ನೆಲ್ಲ ವೀಡಿಯೋ ಮಾಡಿ ಗೆಳತಿಯರ ಗ್ರೂಪಿಗೆ ಹಾಕಿದಳು. ಒಂಬತ್ತೂವರೆಗೆ ಗರಿಯ ಮೇಲೆ ಒಂದು ಪೊರೆಯೂ ಉಳಿದಿರಲಿಲ್ಲ.

ವಾಪಸು ಬರುವಾಗ ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನ ಎದುರು ಟೀಗೆ ನಿಂತರು. ಅಪ್ಪ ಇನ್ನೂ ಮೆಲ್ಲಗೆ ರೇಟು ಗುನುಗುತ್ತಿದ್ದ. ಇದೇ ಸರಿಯಾದ ಗಳಿಗೆ ಎಂದು ವಾಣಿಶ್ರೀ ಗಂಟಲು ಸರಿ ಮಾಡಿಕೊಂಡಳು.

ವಾಣಿಶ್ರೀ: ಅಪ್ಪ, ನಿಜ ಹೇಳು. ಸಮುದ್ರ ಹಿಡಿಸ್ತಾ?

ದೇವರಾಜು: ಸಮುದ್ರನಾ? ಅದ್ರ ಕಡೆ ತಿರುಗಿ ನೋಡಕ್ಕೇ ಪುರುಸೊತ್ತಾಗ್ಲಿಲ್ಲ.

ವಾಣಿಶ್ರೀ: ಹಂಗಾದ್ರೆ ಶನಿವಾರ ಗೋಕರ್ಣ?

ದೇವರಾಜು: ಅಲ್ಲಿ ಹರಾಜದಾ?

ವಾಣಿಶ್ರೀ: ಗೊತ್ತಿಲ್ಲ.

ದೇವರಾಜು: ಗೊತ್ತಿಲ್ದಿರೋ ಕಡೆ ಯಾಕೋಗ್ಬೇಕು? ನಿನ್ ಫ್ರೆಂಡ್ಸ್‌ಗೆ ಕಣ್ಣೂರಿಗೇ ಬರಕ್ ಹೇಳು. ಹೆಣ್ಮಕ್ಕಳ ಗಂಟ್ಲು ಚುರುಕು, ಕೂಗಕ್ಕೆ ಆಯ್ತದೆ.

ಅವರು ಎಲ್ಲಿ ಒಪ್ಪುತ್ತಾರೆ ಎಂದು ಅವಳು ಫೋನು ತೆರೆದರೆ ಗ್ರೂಪಿನಲ್ಲಿ ನಲವತ್ತೆರಡು ಮೆಸೇಜು. ಗೋಕರ್ಣ ಕ್ಯಾನ್ಸಲ್ ಅಂತೆ, ಮೀನಿನ ಹರಾಜಿಗೇ ಹೋಗೋಣವಂತೆ. ಕೊನೆಯ ಮೆಸೇಜು ಗೆಳತಿ ಮಧುಶ್ರೀಯದು: ಅಂಕಲ್ ಬರ್ತಾರೆ ತಾನೆ?

ಅವಳು ತಲೆ ಎತ್ತುವಷ್ಟರಲ್ಲಿ ಅಪ್ಪ ತನ್ನಂತೆಯೇ ತಂಬಾಕು ಬೆಳೆಯುವ ಊರಿನ ಜವರಯ್ಯನಿಗೂ ಚಾಮಯ್ಯನಿಗೂ ಫೋನು ಮಾಡಿ ಮುಗಿಸಿ, ಬೆರಳು ಮಡಚುತ್ತಿದ್ದ.

ದೇವರಾಜು: ನಿನ್ ಫ್ರೆಂಡ್ಸ್ ಆರು. ನಾನು, ಜವರಯ್ಯ, ಚಾಮಯ್ಯ. ಅವ್ವಂಗೆ ಕಿಟಕಿ ಪಕ್ಕ. ಹತ್ತಾಯ್ತು. ಬಾಡಿಗೆ ಟೆಂಪೋದಲ್ಲಿ ಹನ್ನೆರಡು ಸೀಟು. ಕುಕ್ಕೆಗೆ ಎರಡು ಬೇಕು. ಶನಿವಾರ ಮಧ್ಯಾಹ್ನ ಹೊರಟ್ರೆ ಭಾನುವಾರ ಬೆಳಿಗ್ಗೆ ದೋಣಿ ಸಿಕ್ತದೆ.

ವಾಣಿಶ್ರೀ: ಅಪ್ಪ, ನಾನು?

ದೇವರಾಜು ಬೆರಳುಗಳನ್ನು ಮತ್ತೊಮ್ಮೆ ಮಡಚಿ ನೋಡಿದ. ಟೀ ಹೀರಿದ. ಯೋಚಿಸಿದ.

ದೇವರಾಜು: ಕುಕ್ಕೆ ತೊಡೆ ಮೇಲೆ ಮಡಿಕಂತೀನಿ ಅಂದ್ರೆ ನೀನೂ ಬಾ ಬುಡು.