ಬೆಂಚು ತುಂಬಿಸುವ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಒಬ್ಬರೇ ಹೋಗಿ ಕೂತರೂ ಚರ್ಚ್ ತುಂಬುತ್ತಿತ್ತು! ನಂಬಿಕೆ ಇಲ್ಲದಿದ್ದರೆ ಬಂದು ನೋಡಿ ಎನ್ನೋಣವೆಂದರೆ ಈಗ ಬಾಗಿಲಿಗೆ ಬೀಗ ಬಿದ್ದಿದೆ.

ಕುಂದಾಪುರದಿಂದ ತುಸು ಆಚೆ ಇರುವ ನಮ್ಮೂರಿನ ಮೆಥೊಡಿಸ್ಟ್ ಚರ್ಚು ಕೆಂಪು ಮುರಕಲ್ಲಿನದು. ಹಂಚಿನ ಮಾಡಿನ ಮರ ಕೂಡಿಸಿದವರು ದೋಣಿ ಕಟ್ಟುವ ಆಚಾರಿಗಳಂತೆ. ಒಳಗೆ ನಿಂತು ತಲೆಯೆತ್ತಿದರೆ ಮಗುಚಿಟ್ಟ ದೊಡ್ಡ ದೋಣಿಯ ಕೆಳಗೆ ನಿಂತ ಹಾಗೆ! ಚಿಕ್ಕಂದಿನಲ್ಲಿ ಅದನ್ನು ನೋಡುತ್ತ ತೆರೆದ ಬಾಯಿ ಮುಚ್ಚುವುದನ್ನೇ ಮರೆಯುತ್ತಿದ್ದೆ. ಈಗಲೂ ಅಷ್ಟೆ, ಬಾಯಿ ಸ್ವಲ್ಪ ದೊಡ್ಡದಾಗಿದೆ. ಆಗೆಲ್ಲ ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ. ಯಾರ ಬೆಂಚು ಯಾವುದು ಎಂಬುದು ಊರಿಗೇ ಗೊತ್ತು. ಬರಬರುತ್ತ ಕೆಲವರು ಮುಂಬೈಗೆ ಹೋದರು, ಉಳಿದವರು ಚರ್ಚಿನ ಹಿಂದಿನ ಸಮಾಧಿಗಳಿಗೆ ಹೋದರು.

ದೊಡ್ಡಪ್ಪ ಮಾತ್ರ ಬಿಡಲಿಲ್ಲ. ಕೀರ್ತನೆಯ ಪ್ರತಿ ಚರಣಕ್ಕೂ ಬೆಂಚು ಬದಲು! ಕೂತ ಬೆಂಚಿನ ಹಳೇ ಯಜಮಾನನ ಧ್ವನಿಯಲ್ಲೇ ಹಾಡು. ಹೆಡ್ಮಾಷ್ಟ್ರ ಬೆಂಚಿನಲ್ಲಿ ಮೂಗಿನಿಂದ; ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದ ರೈಟರ ಬೆಂಚಿನಲ್ಲಿ ತಾಳ ಬಿಟ್ಟು ಓಡುತ್ತ; ಕಂಪೌಂಡರ ಬೆಂಚಿನಲ್ಲಿ ಹಾಡಿಗಿಂತ ಕೆಮ್ಮೇ ಹೆಚ್ಚು. ಒಮ್ಮೆ ಹೊಸ ಪಾದ್ರಿಗಳು ಬಂದರು. ನಾವು ಅವರನ್ನು ಅಯ್ನೋರು ಎನ್ನುತ್ತೇವೆ. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗ ಮೂಲೆಮೂಲೆಯಿಂದ ‘ಆಮೆನ್’ ಕೇಳಿ ಉಬ್ಬಿಹೋದರು. ಕಣ್ಣು ಬಿಟ್ಟರೆ ನಾನು ಮತ್ತು ಏದುಸಿರು ಬಿಡುತ್ತಿರುವ ದೊಡ್ಡಪ್ಪ!

"ಉಳಿದವರೆಲ್ಲ ಎಲ್ಲಿ?"

"ನಾನೇ ಅಲ್ದಾ ಅಯ್ನೋರೆ! ಎಲ್ಲರ್ ಬದ್ಲಿಗೂ ನಾನೇ ಬತ್ತೆ. ಬೆಂಚಲ್ಲಿ ಜನ ಕೂಕಣ್ದಿದ್ರೆ ಒರಲಿ ಕೂಕಣ್ತ್!"

ಒರಲೆ, ಅಂದರೆ ಗೆದ್ದಲು, ಹೇಗೂ ಮಾಡಿಗೆ ಹತ್ತಿತ್ತು. ಕಟ್ಟಡ ಅಪಾಯ, ಸಭೆಗೆ ಜನ ಇಲ್ಲ, ಬೀಗ ಹಾಕಬೇಕು ಎಂದು ಮೇಲಿನವರು ತೀರ್ಮಾನಿಸಿದರು. ದೊಡ್ಡಪ್ಪ ಏಣಿ ತಂದು ನಿಲ್ಲಿಸಿದರು.

"ಮಾಡ್ ನಾನ್ ಸರಿ ಮಾಡ್ತೆ. ಬೀಗ ಮಾತ್ರ ಹಾಕ್ಬೇಡಿ."

"ನಿಮ್ಮ ಪ್ರಾಯಕ್ಕೆ ಏಣಿ ಹತ್ತುವುದುಂಟೇ?" ಎಂದರು ಅಯ್ನೋರು.

"ಚರ್ಚಿನ್ ಪ್ರಾಯಕ್ಕೆ ಕಂಡ್ರೆ ನಾನಿನ್ನೂ ಶಿಶು!"

ನಡೆಯಲಿಲ್ಲ. ಕೊನೆಯ ಆರಾಧನೆಗೆ ಹೊರಗಿನಿಂದ ನಾಲ್ಕಾರು ಜನ ಬಂದಿದ್ದರು. ದೊಡ್ಡಪ್ಪ ಮೂಗಿನಲ್ಲಿ ಹಾಡಿದರು, ಓಡುತ್ತ ಹಾಡಿದರು, ಕೆಮ್ಮಿದರು. ನಾವು ನಕ್ಕೆವು. ಕೊನೆಯ ಚರಣಕ್ಕೆ ಮಾತ್ರ ಅವರು ಎದ್ದು ಹೆಂಗಸರ ಬದಿಗೆ ನಡೆದು, ತೀರಿಹೋದ ದೊಡ್ಡಮ್ಮನ ಜಾಗದಲ್ಲಿ ಕೂತರು. ಈಗ ದೊಡ್ಡಮ್ಮನ ಧ್ವನಿ ಎಂದು ನಾನು ಕಿವಿ ನಿಮಿರಿಸಿದೆ. ಚರಣ ಮುಗಿಯಿತು. ದೊಡ್ಡಪ್ಪ ಬಾಯಿ ತೆರೆಯಲೇ ಇಲ್ಲ. ಎಲ್ಲರೂ ಎದ್ದರೂ ಬೆಂಚು ಸವರುತ್ತ ಕೂತೇ ಇದ್ದರು. ನಾನು ಹತ್ತಿರ ಹೋದೆ.

"ದೊಡ್ಡಮ್ಮನ ಹಾಗೆ ಹಾಡ್ಲಿಲ್ಯಲ್ಲ, ದೊಡ್ಡಪ್ಪ?"

"ಹ್ಯಾಂಗ್ ಹಾಡುದ್ ಮಗಾ? ಅವ್ಳ್ ಈ ಬದಿ, ನಾನ್ ಆ ಬದಿ. ನಾನೇ ಬೊಬ್ಬೆ ಹೊಡ್ದ್ ಹಾಡ್ತಿದ್ದೆ. ಅವ್ಳ್ ಹಾಡಿದ್ದ್ ನಂಗೆ ಒಂದ್ ದಿನವೂ ಕೇಂಡದ್ದಿಲ್ಲ."

ಅಯ್ನೋರು ಬೀಗ ಹಿಡಿದು ಬಾಗಿಲಲ್ಲಿ ನಿಂತಿದ್ದರು. ದೊಡ್ಡಪ್ಪ ಅವರತ್ತ ಕೈಯೆತ್ತಿದರು.

"ಒಂದ್ ಗಳಿಗಿ ಯಾರೂ ಮಾತಾಡ್ಬೇಡಿ. ಇವತ್ತ್ ಅವ್ಳ್ ಹಾಡುದ್ ಕೇಂತೆ."