ಹಳಿ ಕಿತ್ತ ಮೇಲೆ ಬಿದ್ದ ಗೇಟು

ರೈಲು ನಿಂತರೂ ರಾಯಚೂರಿನ ಹೊರಗಿನ ನಮ್ಮ ರೈಲ್ವೆ ಗೇಟಿನಲ್ಲಿ ತಮಾಷೆ ಮಾತ್ರ ನಿಂತಿಲ್ಲ. ಮಾನ್ವಿ ದಿಕ್ಕಿನ ಅಕ್ಕಿ ಮಿಲ್ಲುಗಳಿಗೆ ಹೋಗುತ್ತಿದ್ದ ಆ ಗೂಡ್ಸ್ ಗಾಡಿ ಎಷ್ಟು ನಿಧಾನವೆಂದರೆ, ನಾನು ಇಳಿದು, ಮಿರ್ಚಿ ಬಜ್ಜಿ ತಿಂದು, ಮತ್ತೆ ಅದೇ ಡಬ್ಬಿ ಹತ್ತಿದ್ದೇನೆ. ನಂಬದವರು ಗೇಟಿನ ಮಿರ್ಚಿ ಅವ್ವನನ್ನು ಕೇಳಿ. ಗೇಟು ಬಿದ್ದಾಗಲೇ ಅವಳ ವ್ಯಾಪಾರ. ಈಗ ಹಳಿ ಕಿತ್ತು, ಹೊಲಗಳ ನಡುವೆ ಉದ್ದಕ್ಕೂ ನಡಿಗೆ ದಾರಿ ಮಾಡಿದ್ದಾರೆ. ಗೇಟು ಆಕಾಶ ನೋಡುತ್ತ ನಿಂತಿದೆ, ಅವ್ವನ ಬಾಣಲೆ ತಣ್ಣಗಾಗಿದೆ.

೧. ಬಸ್ಸು

ಹಳಿ ಕಿತ್ತ ಮೇಲೂ ದೇವದುರ್ಗದ ಬಸ್ಸು ಗೇಟಿನಲ್ಲಿ ಗಕ್ಕನೆ ನಿಂತಿತು. ಡ್ರೈವರ್ ಆ ಕಡೆ ಈ ಕಡೆ ನೋಡಿದ.

"ಹಳಿನೇ ಇಲ್ಲಲ್ಲೋ ಯಪ್ಪಾ!" ಎಂದೆ.

ಗೇರು ಹಾಕುತ್ತ ಅವನು, "ಹಳಿ ಹೋಗ್ಯಾವ ಖರೆ. ರೈಲಿಗೆ ಯಾರರ ಹೇಳ್ಯಾರೇನು?"

೨. ಭತ್ತ

ದಾರಿ ನುಣುಪಾದ ಮರುದಿನವೇ ಅದರ ತುಂಬಾ ಭತ್ತ ಒಣಹಾಕಿದ್ದರು. ದಾರಿ ಮಾಡಿಸಿದ ಸಾಹೇಬರು ಬಿಳಿ ಬೂಟು ಹಾಕಿಕೊಂಡು ವಾಕಿಂಗಿಗೆ ಬಂದವರೇ ಸಿಡುಕಿದರು: "ಇದು ನಡ್ಯಾಕ ಮಾಡಿದ್ದು!"

ಭತ್ತದ ಒಡತಿ ಜಗ್ಗಲಿಲ್ಲ. "ನಡೀರಿ ಸಾಹೇಬ್ರ, ಯಾರು ಬ್ಯಾಡ ಅಂದಾರ? ಬೂಟು ಬಿಚ್ಚಿ, ಕಾಲಾಗ ಭತ್ತ ತಿರುವಿಕೋತ ನಡೀರಿ."

ಸಾಹೇಬರು ಬೂಟು ಕೈಯಲ್ಲಿ ಹಿಡಿದು, ಕಾಲೆಳೆಯುತ್ತ ಆ ತುದಿ ಮುಟ್ಟಿ, ಸಾಲು ಹೊಡೆದಂತೆ ವಾಪಸ್ ಬಂದರು. ಒಡತಿ ಮಜ್ಜಿಗೆ ಕೊಟ್ಟು ಕೇಳಿದಳು: "ನಾಳಿನೂ ಬರ್ತೀರೇನ್ರಿ? ಇನ್ನೊಂದೀಟು ಹಸಿ ಅದ."

೩. ಗೇಟು

ದಾರಿಯ ಉದ್ಘಾಟನೆಯ ದಿನವೇ ಗೇಟು ಕಿತ್ತುಹಾಕುತ್ತಾರೆಂದು ಸುದ್ದಿ ಬಂತು. "ಇನ್ನ ಇಲ್ಲಿ ಯಾರು ನಿಲ್ತಾರೋ ಯಪ್ಪಾ? ಒಲಿ ಎತ್ತಬೇಕಷ್ಟ" ಎಂದು ಅವ್ವ ಕಣ್ಣೊರೆಸಿಕೊಂಡಳು. ಹೊಗೆಗೆ ಅಂದಳು. ಒಲೆ ಹಚ್ಚಿರಲೇ ಇಲ್ಲ.

ನಾನು ರಿಟೈರಾದ ಗೇಟ್‌ಮನ್ ಕಾಕಾನ ಕಿವಿಯಲ್ಲಿ ಊದಿದೆ: "ಕಾಕಾ, ಕಡೀ ಸಲ ಒಮ್ಮಿ ಗೇಟು ಹಾಕಿಬಿಡು. ಅವ್ವಾ, ನೀ ಎಣ್ಣಿ ಕಾಸು."

ಉದ್ಘಾಟನೆಯ ದಿನ ಕಾಕಾ ಹಳೇ ಖಾಕಿ ತೊಟ್ಟು, ಹಸಿರು ಬಾವುಟ ಹಿಡಿದು, ಗೇಟು ಇಳಿಸಿಯೇ ಬಿಟ್ಟ. ಬಸ್ಸು, ಆಟೋ, ಟ್ರ್ಯಾಕ್ಟರು, ಸಾಹೇಬರ ಜೀಪು, ಎಲ್ಲ ನಿಂತವು. ಒಬ್ಬನಾದರೂ "ಯಾಕ?" ಅನ್ನಲಿಲ್ಲ. ಇಂಜಿನ್ ಬಂದ್ ಮಾಡಿ, ಹಿಂದಿನಂತೆಯೇ ಇಳಿದು, ಹಿಂದಿನಂತೆಯೇ ಬಾಣಲೆ ಸುತ್ತ ನಿಂತರು. ಸಾಹೇಬರೂ ನಿಂತರು, ಉಸ್ ಉಸ್ ಅನ್ನುತ್ತ ಇನ್ನೊಂದು ಪ್ಲೇಟು ಹೇಳಿದರು.

ಬಾಣಲೆ ಖಾಲಿಯಾದ ಮೇಲೆ ಕಾಕಾ ಗೇಟು ಎತ್ತಿದ.

"ಗಾಡಿ ಯಾವಾಗ ಹೋತೋ?" ಸಾಹೇಬರು ಕೈ ಒರೆಸಿಕೊಳ್ಳುತ್ತ ಕೇಳಿದರು.

"ಈಗ ಹೋತಲ್ರಿ, ನೀವು ಮಿರ್ಚಿ ತಿನ್ನೋವಾಗ," ಎಂದ ಕಾಕಾ.

ಸಾಹೇಬರು ಗಂಭೀರವಾಗಿ ತಲೆದೂಗಿ, ತಮ್ಮವರಿಗೆ ಹುಕುಂ ಕೊಟ್ಟರು: "ಈ ಗೇಟು ಕೀಳಬ್ಯಾಡ್ರಿ. ಗಾಡಿ ಇನ್ನೂ ಓಡಾಕತ್ತಾವ."