ಯಾರಾಬಿನ್ ಹೊಳೆದಂಡೆಯ ಸ್ವಾವಲಂಬನೆ ಪರೀಕ್ಷೆ

ಡೆಲ್ಮಾ ಪ್ರಿಡೋ ಎಂಬ ಹೆಂಗಸಿನ ಕೈಯಲ್ಲಿ ಬಿಸಿಲಿನಿಂದ ಸ್ವಂತ ಕರೆಂಟು ಮಾಡಿಕೊಳ್ಳುವುದೆಲ್ಲ ಆಗುವ ಮಾತಲ್ಲ ಎಂದು ಮೊಟ್ಟಮೊದಲು ಘೋಷಿಸಿದವನು ಅವಳ ತಂಗಿಯ ಗಂಡ ರಸ್ ಹ್ಯಾಲೊರನ್. ಎರಡನೆಯವನು ಬ್ಯಾಟರಿ ಅಂಗಡಿಯವನು. ಅವನು, "ಯಜಮಾನರನ್ನ ಕರ್ಕೊಂಡು ಬನ್ನಿ" ಅಂದಿದ್ದ. ಯಜಮಾನರು ತೀರಿಹೋಗಿ ಬಹಳ ಕಾಲವಾಗಿದ್ದರಿಂದ ಡೆಲ್ಮಾ ಗ್ರಂಥಾಲಯಕ್ಕೆ ಹೋದಳು.

ಟೌನ್ಸ್‌ವಿಲ್‌ನಲ್ಲಿ ಅರ್ಧ ಆಯುಷ್ಯ ಲಾಂಡ್ರಿ ನಡೆಸಿದವಳು. ಹೋಗದ ಕಲೆಯನ್ನು ಹೋಗುವವರೆಗೂ ಉಜ್ಜಿದ ಹಾಗೆಯೇ ಅರ್ಥವಾಗದ ಪುಟವನ್ನು ಅರ್ಥವಾಗುವವರೆಗೂ ಓದಿದಳು. ಕೊನೆಗೆ ಅವಳು ಕಾರಿಗೆ ಕಟ್ಟಿಕೊಂಡು ಊರೂರು ಸುತ್ತುವ ಗಾಲಿಮನೆಯ, ಅಂದರೆ ಕ್ಯಾರವಾನಿನ, ನೆತ್ತಿಯ ತುಂಬ ಸೋಲಾರ್ ಹಲಗೆಗಳು ಬಂದವು, ಮಂಚದ ಕೆಳಗೆ ಬ್ಯಾಟರಿ, ಅದರ ಪಕ್ಕ ಇನ್ವರ್ಟರ್. ಫ್ರಿಜ್ಜು, ಕೆಟಲ್ಲು, ವಾಷಿಂಗ್ ಮೆಷಿನ್, ಇಸ್ತ್ರಿಪೆಟ್ಟಿಗೆ ಎಲ್ಲವೂ ನಡೆದವು. ಕೆಟಲ್ಲನ್ನೂ ಇಸ್ತ್ರಿಯನ್ನೂ ಒಟ್ಟಿಗೆ ಹಾಕುವಂತಿರಲಿಲ್ಲ, ಅಷ್ಟೆ. ಇಸ್ತ್ರಿ ಮಾಡುತ್ತ ಚಹಾ ಕುಡಿಯುವ ಸೋಮಾರಿತನ ಅವಳಿಗೂ ಇರಲಿಲ್ಲ.

ಆ ಚಳಿಗಾಲ ಅವಳು ಯಾರಾಬಿನ್ ಹೊಳೆದಂಡೆಯ ಬಿಟ್ಟಿ ತಂಗುದಾಣದಲ್ಲಿ ಇಳಿದುಕೊಂಡಿದ್ದಳು. ಪಟ್ಟಣದಲ್ಲಿ ಬಾಡಿಗೆ ಕೊಟ್ಟು ಕ್ಯಾರವಾನ್ ನಿಲ್ಲಿಸುವ ಪಾರ್ಕೂ ಒಂದಿತ್ತು. ಅದರ ಮಾಲೀಕ ರಸ್. ಕೌನ್ಸಿಲ್ಲಿನ ತಂಗುದಾಣ ಸಮಿತಿಯ ಅಧ್ಯಕ್ಷನೂ ರಸ್. ಇದು ಕೇವಲ ಕಾಕತಾಳೀಯವೆಂದು ಸಮಿತಿಯು ಆಗಲೇ ಠರಾವು ಮಾಡಿತ್ತು.

ಆ ದೇಶದಲ್ಲಿ ಚಳಿ ಶುರುವಾಗುವ ಜೂನ್ ತಿಂಗಳಲ್ಲಿ ದೊಡ್ಡ ನೀಲಗಿರಿ ಮರಕ್ಕೆ ಪ್ರಕಟಣೆ ಬಿತ್ತು:

"ಈ ತಂಗುದಾಣದಲ್ಲಿ ವಿದ್ಯುತ್ ಸೌಕರ್ಯ ಇರುವುದಿಲ್ಲ. ಆದಕಾರಣ ವಿದ್ಯುತ್ತಿನ ಬಾಬ್ತು ಸ್ವಾವಲಂಬಿಗಳಾದವರು ಮಾತ್ರ ಇಲ್ಲಿ ತಂಗತಕ್ಕದ್ದು. ಸ್ವಾವಲಂಬನೆಯನ್ನು ಇಲ್ಲಿನ ವಿದ್ಯುತ್ ಕಂಬಕ್ಕೆ ವಾಹನವನ್ನು ಜೋಡಿಸಿ ಪರೀಕ್ಷಿಸಲಾಗುವುದು. ಕಂಬದಿಂದ ಏನನ್ನೂ ಎಳೆಯದ ವಾಹನಕ್ಕೆ ಹಸಿರು ಚೀಟಿ ಅಂಟಿಸಲಾಗುವುದು. ಉಳಿದವರು ಪಟ್ಟಣದ ಪಾರ್ಕಿಗೆ ತೆರಳತಕ್ಕದ್ದು."

ಮರುವಾರ ಕಂಬವೂ ಬಂತು. ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜು ಹಂಚಿ ಉದ್ಘಾಟನೆಯಾಯಿತು. ಕಂಬಕ್ಕೆ ಬಣ್ಣ ಇತ್ತು, ಬೀಗ ಇತ್ತು, ಸಾಲಾಗಿ ಪ್ಲಗ್ಗುಗಳಿದ್ದವು. ವಿದ್ಯುತ್ ತಂತಿ ಪಟ್ಟಣದ ಅಂಚಿನಲ್ಲೇ ಮುಗಿಯುತ್ತಿದ್ದುದರಿಂದ ಕರೆಂಟು ಮಾತ್ರ ಇರಲಿಲ್ಲ.

ಪರೀಕ್ಷೆಗೆ ಬಂದ ಅಧಿಕಾರಿ ಗ್ಯಾವಿನ್ ಪೋಲ್ಕ್ ಬಹಳ ಸಭ್ಯ ಮನುಷ್ಯ.

"ಪ್ಲಗ್ ಹಾಕಿ ಮೇಡಂ."

"ಕಂಬದಲ್ಲಿ ಕರೆಂಟೇ ಇಲ್ವಲ್ಲಯ್ಯ."

"ಅದು ನಮ್ಮ ವಿಭಾಗ ಅಲ್ಲ. ನೀವು ಎಳೀತೀರೋ ಇಲ್ವೋ, ನಾನು ನೋಡೋದು ಅಷ್ಟೇ."

"ಇಲ್ಲದ್ದನ್ನ ಹೆಂಗೆ ಎಳೀಲಿ? ನಾನು ಪಾಸು, ಬರ್ಕೊ."

"ಬರ್ಕೊಳ್ಳೋಕಾಗಲ್ಲ. ಸಿಗೋದನ್ನ ಬೇಡ ಅಂದ್ರೆ ಸ್ವಾವಲಂಬನೆ. ಸಿಗದೆ ಇರೋದನ್ನ ಬೇಡ ಅಂದ್ರೆ ಬರೀ ಬಡತನ." ಪೋಲ್ಕ್ ನಿಜಕ್ಕೂ ಮರುಗಿದ. "ಶುಕ್ರವಾರದೊಳಗೆ ಪಾಸಾಗದಿದ್ರೆ ಜಾಗ ಖಾಲಿ ಮಾಡ್ಬೇಕಾಗತ್ತೆ."

ಅಂದು ಸಂಜೆ ಎಂದಿನಂತೆ ಮಡಚು ಕುರ್ಚಿಗಳು ದುಂಡಗೆ ಕೂತವು, ಬಿಯರ್ ಡಬ್ಬಿಗಳು ತೆರೆದವು. ಪಕ್ಕದ ಕ್ಯಾರವಾನಿನ ಮುದುಕ ವಿನ್ ಟಕ್ಕರ್ ಬುದ್ಧಿಮಾತು ಹೇಳಿದ.

"ಹೊರಟುಬಿಡೋಣ ಕಣೇ ಡೆಲ್ಮಾ. ದೇಶದಲ್ಲಿ ಇದೊಂದೇನಾ ಹೊಳೆ?"

"ನೀ ಹೋಗು. ನನಗೆ ಚೀಟಿ ಬೇಕು."

"ಚೀಟಿ ಏನು, ತಿಂತೀಯಾ?"

"ಅಂಟಿಸ್ತೀನಿ. ರಸ್ ಕಣ್ಣಿಗೆ ಬೀಳೋ ಕಡೆ."

ಶುಕ್ರವಾರ ಬೆಳಿಗ್ಗೆ ಡೆಲ್ಮಾ ತನ್ನ ಇನ್ವರ್ಟರಿನಿಂದ ಒಂದು ದಪ್ಪ ಕೇಬಲ್ ಎಳೆದು ಕಂಬಕ್ಕೆ ಸೇರಿಸಿದಳು. ಕಂಬದ ದೀಪ ಹತ್ತಿತು. ಪೋಲ್ಕ್ ಟೋಪಿ ತೆಗೆದ. ಅವಳ ಕ್ಯಾರವಾನು ಕಂಬದಿಂದ ಏನನ್ನೂ ಎಳೆಯಲಿಲ್ಲ. ಕಂಬವೇ ಅವಳಿಂದ ಎಳೆಯುತ್ತಿತ್ತು. ಇಂಥ ಫಲಿತಾಂಶಕ್ಕೆ ಅವನ ನಮೂನೆಯಲ್ಲಿ ಕಾಲಂ ಇರಲಿಲ್ಲ.

ಉಳಿದವರನ್ನೂ ಜೋಡಿಸಲಾಯಿತು. ಜೀವವಿರುವ ಕಂಬ, ಅದೂ ಪುಕ್ಕಟೆ. ಜನ ಟೋಸ್ಟರ್ ಹಾಕಿದರು, ಕಂಬಳಿ ಬಿಸಿ ಮಾಡಿಕೊಂಡರು, ವಿನ್ ಕೂದಲೇ ಇಲ್ಲದ ತಲೆಗೆ ಹೇರ್ ಡ್ರೈಯರ್ ಹಿಡಿದ. ಎಲ್ಲರೂ ನಪಾಸಾದರು. ಮಧ್ಯಾಹ್ನದ ಹೊತ್ತಿಗೆ ಇನ್ವರ್ಟರ್ ಕಿರುಚತೊಡಗಿತು.

ಸಮಿತಿ ತುರ್ತು ಸಭೆ ಸೇರಿತು. ಹೊಳೆದಂಡೆಯಲ್ಲಿ ಈಗ ವಿದ್ಯುತ್ ಇರುವುದರಿಂದ ಅದು ಸೌಕರ್ಯಯುಕ್ತ ತಂಗುದಾಣವಾಗಿದೆ, ಆದ್ದರಿಂದ ಸ್ವಾವಲಂಬನೆಯ ನಿಯಮ ರದ್ದು, ಬಾಡಿಗೆ ಜಾರಿ, ವಸೂಲಿ ರಸ್‌ನ ಪಾರ್ಕಿನ ಮೂಲಕ. ಜನ ಗೊಣಗದೆ ಕಟ್ಟಿದರು. ಪಟ್ಟಣಕ್ಕೆ ಹೋಗುವ ಪೆಟ್ರೋಲ್ ಉಳಿಯಿತಲ್ಲ.

ಚೀಟಿ ತಂದವನು ಸ್ವತಃ ರಸ್. ಜೊತೆಗೆ ಜಾಕಿ ಹಿಡಿದ ಇಬ್ಬರು.

"ಗೆದ್ದೆ ಕಣೇ ಡೆಲ್ಮಾ. ಈ ಸೀಮೆಗೆಲ್ಲ ಒಂದೇ ಹಸಿರು ಚೀಟಿ, ಅದು ನಿಂದೇ."

"ಅವರು ಚಕ್ರ ಯಾಕೆ ಬಿಚ್ತಿದಾರೆ?"

"ಸಬ್‌ಸ್ಟೇಷನ್ನಿಗೆ ಎಲ್ಲಾದ್ರೂ ಚಕ್ರ ಇರುತ್ತೇನೇ? ಇದು ಈಗ ಸಾರ್ವಜನಿಕ ಸ್ಥಾವರ. ಇಲ್ಲಿಂದ ನಿನ್ನ ಯಾರೂ ಎಬ್ಬಿಸೋ ಹಾಗಿಲ್ಲ."

"ನಾನೇ ಏಳೋ ಹಾಗಿದೆಯಾ?"

"ಅದೂ ಇಲ್ಲ."

"ಮತ್ತೆ ನನ್ನ ಕೆಟಲ್ಲು?"

"ಸಾರ್ವಜನಿಕ ಕರೆಂಟು ಸ್ವಂತಕ್ಕೆ ಬಳಸೋದು ಅಪರಾಧ. ಬೇಕಾದ್ರೆ ಎಲ್ಲರ ಹಾಗೆ ಕಂಬದಿಂದ ತಗೋ."

"ತಗೊಂಡ್ರೆ?"

"ಚೀಟಿ ಕಿತ್ಕೊತೀವಿ. ಬೇಡ ಅಂದ್ರೆ ಈಗ್ಲೇ ಹೇಳು. ಕೇಬಲ್ ಕಿತ್ತು, ಚಕ್ರ ಹಾಕಿ, ನಿನ್ನಿಂದಾಗಲಿಲ್ಲ ಅಂತ ಬರ್ಕೊಂಡು ಕಳಿಸ್ತೀನಿ."

ಡೆಲ್ಮಾ ಹೊಳೆಯನ್ನೊಮ್ಮೆ ನೋಡಿದಳು, ರಸ್‌ನ ಮುಖವನ್ನೊಮ್ಮೆ ನೋಡಿದಳು. ಬಿಚ್ಚಿಟ್ಟ ಚಕ್ರಗಳನ್ನು ನೋಡಲಿಲ್ಲ.

"ಅಂಟಿಸು. ಸೊಟ್ಟಗೆ ಅಂಟಿಸಿದ್ರೆ ನೋಡು."

ಈಗ ಎಲ್ಲವೂ ಸುಸೂತ್ರವಾಗಿದೆ. ಸಂಜೆ ಕುರ್ಚಿಗಳು ಕೂಡುತ್ತವೆ. ಮೋಡ ಕವಿದ ದಿನ ಟೋಸ್ಟು ಕೆಂಪಾಗದಿದ್ದರೆ ಜನ ಡೆಲ್ಮಾಳ ಬಾಗಿಲು ಬಡಿದು ದೂರು ಕೊಡುತ್ತಾರೆ, ಅವಳು ಗಂಭೀರವಾಗಿ ಬರೆದುಕೊಳ್ಳುತ್ತಾಳೆ. ಚಹಾಕ್ಕೆ ಹೊರಗೆ ಮೂರು ಕಲ್ಲಿಟ್ಟು ಸೌದೆ ಹಚ್ಚುತ್ತಾಳೆ. ಬಟ್ಟೆಯನ್ನು ಹೊಳೆಯಲ್ಲಿ ಒಗೆಯುತ್ತಾಳೆ. ಆ ಸೀಮೆಯಲ್ಲಿ ವಿದ್ಯುತ್ತಿನ ವಿಷಯದಲ್ಲಿ ಅವಳಷ್ಟು ಸ್ವಾವಲಂಬಿ ಇನ್ನೊಬ್ಬರಿಲ್ಲ ಎಂಬುದನ್ನು ರಸ್ ಕೂಡ ಒಪ್ಪುತ್ತಾನೆ.

ಡೆಲ್ಮಾ ಪ್ರಿಡೋ ಬಳಿ ಈಗ ನೆಟ್ಟಗೆ ಅಂಟಿಸಿದ ಒಂದು ಹಸಿರು ಚೀಟಿಯೂ ಒಂದು ಸಬ್‌ಸ್ಟೇಷನ್ನೂ ಇವೆ. ಅದಕ್ಕಾಗಿ ಅವಳು ಕೊಟ್ಟದ್ದು ಒಂದು ಕ್ಯಾರವಾನು.